ಎರಡು ದೀಪದಲ್ಲಿ ಗೇಟಿನವರೆಗೆ

ನನ್ನ ಅಣ್ಣ ಮೂವತ್ತೊಂದು ವರ್ಷ ಜನರನ್ನು ಫೇಲು ಮಾಡಿ ಹೊಟ್ಟೆ ಹೊರೆದವನು. ಡ್ರೈವಿಂಗ್ ಲೈಸೆನ್ಸಿಗೆ ಪರೀಕ್ಷೆ ನಡೆಸುವ ಇನ್ಸ್‌ಪೆಕ್ಟರ್ ಆಗಿದ್ದ. ನಿವೃತ್ತನಾದ ಮೇಲೂ ಆ ಚಟ ಬಿಡಲಿಲ್ಲ. ಮಗಳನ್ನು ಮದುವೆಯಾಗುತ್ತೇನೆಂದು ಬಂದ ಮೊದಲ ಹುಡುಗನ ಕೈಗೆ ಕಾರಿನ ಕೀಲಿ ಕೊಟ್ಟು, ಎರಡು ಕಾರುಗಳ ನಡುವೆ ರಿವರ್ಸಿನಲ್ಲಿ ನಿಲ್ಲಿಸು ಎಂದ. ಪಾಪ, ಅವನು ಪಕ್ಕದ ಕಾರಿನ ಕನ್ನಡಿಗೆ ತಾಗಿಸಿದ. ಸಂಬಂಧ ಅಲ್ಲಿಗೇ ಮುರಿದುಬಿತ್ತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪರೀಕ್ಷೆ ಬೇರೆಯವರ ತಲೆಗೆ ಬಂದಾಗ ನಗು ತಾನಾಗಿ ಬರುತ್ತದೆ.

ಈ ಸಲ ಅದು ನನ್ನ ತಲೆಗೆ ಬಂತು.

ನನಗೆ ಅರವತ್ತೆಂಟು. ಕಾಲುಗಳು ಕೈಕೊಟ್ಟು ಹನ್ನೆರಡು ವರ್ಷವಾಯಿತು. ಗೋಡೆ ಹಿಡಿದು ಹತ್ತು ಹೆಜ್ಜೆ ಇಡಬಲ್ಲೆ, ಹನ್ನೊಂದನೆಯದಕ್ಕೆ ನೆಲದಲ್ಲಿರುತ್ತೇನೆ. ಮಿಕ್ಕಿದ್ದಕ್ಕೆಲ್ಲ ನನ್ನ ಬ್ಯಾಟರಿ ಗಾಡಿ ಇದೆ: ಒಂದು ಸೀಟು, ನಾಲ್ಕು ಚಕ್ರ, ಹ್ಯಾಂಡಲ್ಲಿನ ಮೇಲೆ ಚಾರ್ಜು ತೋರಿಸುವ ಐದು ಪುಟ್ಟ ದೀಪ. ಅಪ್ಪ ಕಟ್ಟಿಸಿದ ಮನೆಯ ಕೆಳಗಿನ ಭಾಗದಲ್ಲಿ ಒಬ್ಬಳೇ ಇದ್ದೇನೆ. ಮನೆ ಅಣ್ಣನ ಹೆಸರಿನಲ್ಲಿದೆ. ಅವನು ಮಗಳ ಸಂಸಾರದ ಜೊತೆ ಊರಿನ ಇನ್ನೊಂದು ಕೊನೆಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿದ್ದ.

ಮೂರು ತಿಂಗಳ ಹಿಂದೆ ನಾಲ್ಕು ರಸ್ತೆ ಸೇರುವಲ್ಲಿ ಗಾಡಿಯ ಚಾರ್ಜು ಮುಗಿದು ನಿಂತುಬಿಟ್ಟೆ. ಹಿಂದೆ ಬಸ್ಸು, ಮುಂದೆ ಬಸ್ಸು, ಎಲ್ಲರ ಹಾರ್ನೂ ನನ್ನ ಕಿವಿಯೊಳಗೇ. ಪೊಲೀಸಿನವನು ಅಣ್ಣನಿಗೆ ಫೋನು ಮಾಡಿದ. ಅಣ್ಣ ಬಂದು, ನನ್ನನ್ನು ಮನೆ ಸೇರಿಸಿ, ಮರುದಿನವೇ ವೃದ್ಧಾಶ್ರಮದಲ್ಲಿ ಹನ್ನೊಂದನೇ ನಂಬರಿನ ಕೋಣೆ ಗೊತ್ತುಮಾಡಿದ.

ಹೋಗಿ ನೋಡಿಬಂದೆ. ಒಂದು ಮಂಚ, ತಲೆಯ ಹತ್ತಿರ ಒಂದು ಗಂಟೆ, ಕಿಟಕಿ ತೆಗೆದರೆ ಬಟ್ಟೆ ಒಗೆಯುವ ಶೆಡ್ಡಿನ ಹಬೆ. ಅಲ್ಲಿ ಸ್ವಂತವಾಗಿ ಓಡಾಡುವವರನ್ನು ಸೇರಿಸಿಕೊಳ್ಳುವುದಿಲ್ಲ, ಸೇರಿದವರನ್ನು ಓಡಾಡಲು ಬಿಡುವುದೂ ಇಲ್ಲ.

"ಗಾಡಿ ಒಳಗೆ ಬಿಡಲ್ಲ ಅಮ್ಮ," ಎಂದಳು ಮೇಲ್ವಿಚಾರಕಿ. "ನಮ್ಮ ಹುಡುಗೀರು ತಳ್ಕೊಂಡು ಹೋಗ್ತಾರೆ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ."

ಮನೆಗೆ ಬಂದು ಅಣ್ಣನ ಮುಂದೆ ಅತ್ತೆ. ಅವನ ಮುಂದೆ ಅತ್ತದ್ದು ನನಗೆ ನೆನಪಿರುವ ಹಾಗೆ ಅದೇ ಮೊದಲು. ಅವನು ಕನ್ನಡಕ ಒರೆಸಿಕೊಂಡ.

"ಅತ್ತು ಏನು ಪ್ರಯೋಜನ? ಪರೀಕ್ಷೆ ಮಾಡೋಣ," ಎಂದ. "ಶನಿವಾರ ಚೋಟೀನ ಆಟದ ಪಾರ್ಕಿಗೆ ಕರ್ಕೊಂಡು ಹೋಗ್ತಿದೀವಿ. ನೀನೂ ಬಾ. ಒಂದೇ ಚಾರ್ಜು. ಬೆಳಿಗ್ಗೆ ಗೇಟಿಂದ ಸಂಜೆ ಗೇಟಿನವರೆಗೆ. ನಾವು ಹೋದ ಕಡೆಯೆಲ್ಲ ನೀನೂ ಬರ್ಬೇಕು. ಮಧ್ಯ ಚಾರ್ಜಿಗೆ ಹಾಕೋ ಹಾಗಿಲ್ಲ, ಯಾರೂ ತಳ್ಳೋ ಹಾಗಿಲ್ಲ. ಪಾಸಾದ್ರೆ ಮನೇಲೇ ಇರು, ನಾನಾಗಿ ಮತ್ತೆ ಮಾತೆತ್ತಲ್ಲ. ಫೇಲಾದ್ರೆ ಸೋಮವಾರ ಹನ್ನೊಂದನೇ ನಂಬರು."

ಚೋಟಿ ಅವನ ಮೊಮ್ಮಗಳು, ಎಂಟು ವರ್ಷ. ನನ್ನನ್ನು ಗಾಡಿಯಜ್ಜಿ ಅನ್ನುತ್ತಾಳೆ.

ನಾನು ಒಪ್ಪಿಕೊಂಡೆ. ಅಣ್ಣನಿಗೆ ಮರೆತುಹೋಗಿದ್ದ ಒಂದು ವಿಷಯವಿತ್ತು. ಕಾಲು ಇರುವ ತನಕ ನಾನು ದೊಡ್ಡಾಸ್ಪತ್ರೆಯ ಅಡುಗೆಮನೆಯ ಉಗ್ರಾಣ ನೋಡಿಕೊಂಡವಳು. ಇನ್ನೂರು ರೋಗಿಗಳಿಗೆ ಬಂದ ಹಾಲನ್ನು ಒಂದು ತೊಟ್ಟು ನೀರು ಬೆರೆಸದೆ ಇನ್ನೂರ ನಲವತ್ತು ಮಂದಿಗೆ ಹಂಚಿದ್ದೇನೆ. ಇರುವುದನ್ನು ಎಳೆದು ಸಂಜೆ ಮುಟ್ಟಿಸುವುದು ನನ್ನ ಕಸುಬು.

ಶುಕ್ರವಾರ ಮಧ್ಯಾಹ್ನವೇ ಚಾರ್ಜರ್ ಸಿಕ್ಕಿಸಿದೆ. ಹಸಿರು ದೀಪ ಬಂದ ಮೇಲೂ ಎರಡು ಗಂಟೆ ಬಿಟ್ಟೆ, ಏಕೆಂದರೆ ಹಳೆಯ ಬ್ಯಾಟರಿ ಹೊಟ್ಟೆ ತುಂಬುವ ಮೊದಲೇ ಸಾಕು ಅನ್ನುತ್ತದೆ. ಸೈಕಲ್ ಅಂಗಡಿಯವನನ್ನು ಕರೆಸಿ ನಾಲ್ಕೂ ಚಕ್ರಕ್ಕೆ ಗಾಳಿ ಹೊಡೆಸಿದೆ. ಮುಂದಿನ ಬುಟ್ಟಿ ಬಿಚ್ಚಿಟ್ಟೆ. ಪಾರ್ಕಿಗೆ ಫೋನು ಮಾಡಿ ಎಲ್ಲಿ ಏರು, ಎಲ್ಲಿ ಇಳಿಜಾರು ಎಂದು ಕೇಳಿದೆ. ಆ ಕಡೆಯ ಹುಡುಗಿಗೆ ನನ್ನ ಮೇಲೆ ಅನುಮಾನವೇ ಬಂದಿರಬೇಕು.

ಶನಿವಾರ ಹತ್ತು ಗಂಟೆಗೆ ಗೇಟು ದಾಟಿದಾಗ ಐದೂ ದೀಪ ಉರಿಯುತ್ತಿದ್ದವು. ಅಣ್ಣ ಕೈಯಲ್ಲಿ ರಟ್ಟು, ಅದಕ್ಕೆ ಕ್ಲಿಪ್ಪು ಹಾಕಿದ ಹಾಳೆ ಹಿಡಿದುಕೊಂಡು ಬಂದಿದ್ದ. ಮೇಲೆ ನನ್ನ ಹೆಸರು, ಕೆಳಗೆ ಗೆರೆ ಎಳೆದ ಕಾಲಂಗಳು. ಎಪ್ಪತ್ತನಾಲ್ಕರ ಮನುಷ್ಯ, ತಲೆಗೆ ಟೋಪಿಯಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಪದೇಪದೇ ಶೌಚಕ್ಕೆ ಹೋಗಬಾರದೆಂದು ನೀರನ್ನೂ ಕುಡಿಯುವುದಿಲ್ಲ. ಆ ಹಟ ಅವನಿಗೆ ಕೆಲಸದಿಂದ ಬಂದದ್ದು.

"ಅಪ್ಪ, ಇದೆಲ್ಲ ಬೇಕಾ?" ಎಂದಳು ಅವನ ಮಗಳು, ನನಗೆ ಸೋದರಸೊಸೆ. ಔಷಧಿ ಅಂಗಡಿ ನಡೆಸುತ್ತಾಳೆ. ಮಾತು ಮೆತ್ತಗೆ, ಕೆಲಸ ಕರಾರುವಾಕ್ಕು.

"ನಿಮ್ಮತ್ತೇನೇ ಒಪ್ಕೊಂಡಿದಾಳೆ," ಎಂದ ಅಣ್ಣ.

ಅವನು ಮೋಸ ಮಾಡಲಿಲ್ಲ, ಆದರೆ ದಯೆಯನ್ನೂ ತೋರಿಸಲಿಲ್ಲ. ಸಮದಾರಿ ಇದ್ದಲ್ಲಿ ಏರುದಾರಿ ಹಿಡಿದ. ನೀರಿನ ಜಾರುಬಂಡೆಯ ಗುಡ್ಡಕ್ಕೆ ಎರಡು ಸಲ ಹತ್ತಿಸಿದ, ಚೋಟಿ ಒಂದು ಸಲ ಸಾಕು ಅಂದರೂ. ನಾನು ವೇಗದ ತಿರುಪನ್ನು ಆಮೆಯ ಚಿತ್ರದ ಹತ್ತಿರವೇ ಇಟ್ಟು ಹೋದೆ. ಇಳಿಜಾರಿನಲ್ಲಿ ಬೆರಳು ಸಡಿಲ ಬಿಟ್ಟೆ. ಸಾಲಿನಲ್ಲಿ ನಿಂತಾಗಲೆಲ್ಲ ಕೀಲಿ ತಿರುಗಿಸಿ ಆರಿಸಿದೆ. ಹಾರ್ನು ಒತ್ತಲೇ ಇಲ್ಲ. ದಾರಿಗೆ ಅಡ್ಡ ನಿಂತವರಿಗೆ ಬಾಯಲ್ಲೇ ಹೇಳಿದೆ, ಕೆಲವರಿಗೆ ಖಾರವಾಗಿಯೇ ಹೇಳಿದೆ. ಮುಖ್ಯವಾಗಿ ನಿಂತ ಕಡೆಯಿಂದ ಮತ್ತೆ ಹೊರಡುವುದನ್ನು ಆದಷ್ಟು ಕಡಿಮೆ ಮಾಡಿದೆ. ಬ್ಯಾಟರಿಯನ್ನು ತಿನ್ನುವುದು ದೂರವಲ್ಲ, ಆ ಮೊದಲ ಎಳೆತ. ಏರಿನಲ್ಲಿ ನಿಂತು ಹೊರಟರೆ ಅರ್ಧ ದೀಪವೇ ಹೋಗುತ್ತದೆ.

"ತಾತ, ನೋಡಿ, ಗಾಡಿಯಜ್ಜೀದು ಮೂರಿದ್ದದ್ದು ನಾಲ್ಕಾಯ್ತು," ಎಂದಳು ಚೋಟಿ ಮಧ್ಯಾಹ್ನ ಊಟ ಮುಗಿಸಿ ಎದ್ದಾಗ.

"ಸುಳ್ಳು ದೀಪ ಅದು," ಎಂದೆ. "ಸ್ವಲ್ಪ ಹೊತ್ತು ಕೂತ್ರೆ ಬ್ಯಾಟರಿ ಜಂಬ ಕೊಚ್ಕೊಳುತ್ತೆ. ನಾಲ್ಕು ಹೆಜ್ಜೆ ಹೋದ್ರೆ ಬಣ್ಣ ಬಯಲಾಗುತ್ತೆ."

ಅಣ್ಣ ಅದನ್ನೂ ಬರೆದುಕೊಂಡ. ನನ್ನ ಕಡೆಗೆ ಒಂದು ಅಂಕ ಬಿತ್ತೆಂದು ಕಾಣುತ್ತದೆ, ಮುಖ ಗಂಟಾಗಿತ್ತು.

ಮೂರೂವರೆಗೆ ನಾವು ಪಾರ್ಕಿನ ಕಟ್ಟಕಡೆಯ ತುದಿಯಲ್ಲಿದ್ದೆವು. ಅಲ್ಲಿ ದೊಡ್ಡ ಚಕ್ರ. ಸೊಸೆ ಚೋಟಿಯನ್ನು ಕರೆದುಕೊಂಡು ಸಾಲಿಗೆ ಸೇರಿದಳು, ಚಕ್ರದ ಹಿಂದೆ ಕಣ್ಣಿಗೆ ಬೀಳದ, ಒಂದು ಗಂಟೆಯಾದರೂ ಹಿಡಿಯುವ ಸಾಲು. ಪಾರ್ಕಿನ ನಿಯಮದಂತೆ ನಮ್ಮ ಫೋನುಗಳೆಲ್ಲ ಗೇಟಿನ ಲಾಕರಿನಲ್ಲಿದ್ದವು. ನನ್ನ ಗಾಡಿಯಲ್ಲಿ ಎರಡು ದೀಪ ಉಳಿದಿದ್ದವು. ಗೇಟಿಗೆ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರ, ಮಧ್ಯದಲ್ಲಿ ಒಂದು ಉದ್ದನೆಯ ಏರು. ಎರಡು ದೀಪ ಸಾಕು, ಎಲ್ಲೂ ನಿಲ್ಲದಿದ್ದರೆ. ಮನಸ್ಸಿನಲ್ಲೇ ಮನೆ ಸೇರಿ ಕಿಟಕಿ ತೆಗೆದಿದ್ದೆ.

ಪಕ್ಕದ ಬೆಂಚಿನ ಮೇಲೆ ಕೂತಿದ್ದ ಅಣ್ಣ ಎದ್ದು ನಿಲ್ಲಲು ಹೋಗಿ ಮತ್ತೆ ಕೂತ. ಇನ್ನೊಮ್ಮೆ ಎದ್ದ, ಮತ್ತೆ ಕೂತ. ಮುಖ ಬೂದಿಯಾಗಿತ್ತು.

"ಎಡಗಾಲು ಮಾತು ಕೇಳ್ತಿಲ್ಲ," ಎಂದ. ನಾಲಗೆ ಸ್ವಲ್ಪ ತೊಡರುತ್ತಿತ್ತು. "ಬಿಸಿಲಿಗೆ ಇರ್ಬೇಕು. ಒಂದು ಕೆಲಸ ಮಾಡು. ನೀನು ಇಳಿ. ಗೇಟಿನವರೆಗೆ ನಾನು ಗಾಡೀಲಿ ಹೋಗ್ತೀನಿ."

"ನಾನು?"

"ಬೆಂಚಲ್ಲಿ ಕೂತಿರು. ಯಾರನ್ನಾದ್ರೂ ಕಳಿಸ್ತೀನಿ."

"ಪರೀಕ್ಷೆ?"

ಅವನು ಯೋಚಿಸಿದ. ಆ ಹೊತ್ತಿನಲ್ಲೂ ಯೋಚಿಸಿದ. ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ಅದೇ.

"ನೀನು ಗೇಟು ಮುಟ್ಟಿಲ್ಲ ಅಂತ ಆಗುತ್ತೆ."

"ಆ ಹಾಳೆ ಮೇಲೆ ಪಾಸು ಅಂತ ಸಹಿ ಹಾಕಿ ಕೊಡು, ಈಗ್ಲೇ ಇಳೀತೀನಿ."

"ಮುಗಿಯದೇ ಇರೋ ಪರೀಕ್ಷೆಗೆ ನಾನು ಸಹಿ ಹಾಕಲ್ಲ."

"ಹಾಕಣ್ಣ. ನಿನಗೆ ಹುಷಾರಿಲ್ಲ."

"ಯಾರಿಗೂ ಹಾಕಿಲ್ಲ," ಎಂದ. ರಟ್ಟನ್ನು ಎದೆಗೆ ಅವುಚಿಕೊಂಡ.

ನನ್ನ ಮೈಯೆಲ್ಲ ಉರಿಯಿತು. ಅರವತ್ತೆಂಟು ವರ್ಷದ ಉರಿ ಅದು. ನಾನು ಸೈಕಲ್ ಕಲಿಯುವಾಗ ಬಿದ್ದು ಮೊಣಕಾಲು ಒಡೆದುಕೊಂಡಾಗ, ಎತ್ತುವ ಮೊದಲು ಎಲ್ಲಿ ತಪ್ಪು ಮಾಡಿದೆ ಹೇಳು ಎಂದು ಕೇಳಿದ ಅಣ್ಣ ಇವನು.

"ಹಾಗಾದ್ರೆ ನಾನು ಮುಗಿಸಿ ಬರ್ತೀನಿ," ಎಂದೆ. "ಗೇಟಲ್ಲಿ ಹೇಳಿ ಯಾರನ್ನಾದ್ರೂ ಕಳಿಸ್ತೀನಿ."

ಅವನು ಹಾಳೆಯಲ್ಲಿ ಹೊತ್ತು ಬರೆದುಕೊಂಡ. ಮೂರು ನಲವತ್ತು. ಪೆನ್ನು ಕೈಯಿಂದ ಜಾರಿ ಬಿತ್ತು. ನಾನು ಹೊರಟೆ.

ಆ ಏರಿನ ನಡುವೆ, ಬಲಗಡೆ, ಪ್ರಥಮ ಚಿಕಿತ್ಸೆಯ ಕೋಣೆ ಇದೆ. ಬೆಳಿಗ್ಗೆಯೇ ನೋಡಿದ್ದೆ. ಬಾಗಿಲು ತೆರೆದಿತ್ತು. ಒಳಗೆ ಒಬ್ಬ ನರ್ಸು ಕಾಲ ಮೇಲೆ ಕಾಲು ಹಾಕಿಕೊಂಡು ಫೋನು ನೋಡುತ್ತಿದ್ದಳು, ಪಕ್ಕದಲ್ಲಿ ಮಡಚದ ಗಾಲಿಕುರ್ಚಿ. ಬಾಗಿಲಿನಿಂದ ದಾರಿಗೆ ಆರೇಳು ಮಾರು. ಕೂಗಿದರೆ ಅವಳಿಗೆ ಕೇಳುತ್ತಿತ್ತೋ ಇಲ್ಲವೋ, ಎದುರಿನ ಆಟದ ಸಂಗೀತ ಕಿವಿ ಹರಿಯುತ್ತಿತ್ತು. ಗಾಡಿ ನಿಲ್ಲಿಸಿ ಕೂಗಿದರೆ ಖಂಡಿತ ಕೇಳುತ್ತಿತ್ತು. ಅಷ್ಟರಲ್ಲಿ ಎರಡನೇ ದೀಪ ಮಿಣುಕತೊಡಗಿತ್ತು. ಏರಿನಲ್ಲಿ ನಿಂತು ಮತ್ತೆ ಹೊರಟರೆ ಗೇಟು ಮುಟ್ಟುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ನಾನು ಕೂಗಲೂ ಇಲ್ಲ. ಬೆರಳು ಸಡಿಲಿಸದೆ ಮುಂದೆ ಹೋದೆ.

ಗೇಟು ಮುಟ್ಟಿದಾಗ ಒಂದು ದೀಪ ಉರಿಯುತ್ತಿತ್ತು, ನಾಲ್ಕು ಗಂಟೆಗೆ ಮೂರು ನಿಮಿಷ ಇತ್ತು. ಮೊದಲು ಟಿಕೆಟ್ಟಿನವಳ ಹತ್ತಿರ ಒಂದು ಚೀಟಿ ಕೇಳಿ ಹೊತ್ತು ಬರೆಸಿ ಸೀಲು ಹಾಕಿಸಿಕೊಂಡೆ. ಆಮೇಲೆ ಅಣ್ಣನ ವಿಷಯ ಹೇಳಿದೆ. ಅವರು ನರ್ಸಿಗೆ ಫೋನು ಮಾಡಿದರು, ಅವಳು ಎತ್ತುವುದಕ್ಕೆ ತಡವಾಯಿತು. ಕೊನೆಗೆ ಗಾಲಿಕುರ್ಚಿ ಬೆಂಚಿನ ಹತ್ತಿರ ತಲುಪಿದಾಗ ಅಣ್ಣ ನೆಲದ ಮೇಲಿದ್ದ.

"ಮಿದುಳಿಗೆ ರಕ್ತ ಹೋಗೋದು ನಿಂತಿದೆ," ಎಂದರು ಆಸ್ಪತ್ರೆಯ ಡಾಕ್ಟರು. "ಇಂಥದ್ರಲ್ಲಿ ಒಂದೊಂದು ನಿಮಿಷಾನೂ ಲೆಕ್ಕಕ್ಕೆ ಬರುತ್ತೆ. ಇನ್ನೊಂದು ಅರ್ಧ ಗಂಟೆ ಮೊದಲು ತಂದಿದ್ರೆ ಕಾಲು ಉಳೀತಿತ್ತೇನೋ."

ಸೊಸೆ ನನ್ನ ಕಡೆ ನೋಡಿದಳು. ಚಿಕಿತ್ಸೆಯ ಕೋಣೆಯ ಮಾತನ್ನು ನಾನು ಎತ್ತಲಿಲ್ಲ. ಸುಳ್ಳು ಹೇಳಲಿಲ್ಲ ಎಂದು ಆಗ ಸಮಾಧಾನ ಮಾಡಿಕೊಂಡೆ. ಅಂಥ ಸಮಾಧಾನ ಎರಡು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ.

ಒಂದೂವರೆ ತಿಂಗಳಾದ ಮೇಲೆ ಸೊಸೆ ಫೋನು ಮಾಡಿ ಆಸ್ಪತ್ರೆಗೆ ಬರಲು ಹೇಳಿದಳು. ಅಣ್ಣ ದಿಂಬಿಗೆ ಒರಗಿ ಕೂತಿದ್ದ. ಎಡಗೈ ಮಡಿಲಲ್ಲಿ ಬಿದ್ದಿತ್ತು. ಸೊಸೆ ನನ್ನ ಮುಂದೆ ಒಂದು ಫಾರಂ ಇಟ್ಟಳು. ವೃದ್ಧಾಶ್ರಮದ್ದು.

"ಮೂರು ಮಹಡಿ ಅಪ್ಪನ್ನ ಹತ್ತಿಸೋಕಾಗಲ್ಲ ಅತ್ತೆ. ಇಲ್ಲಿ ನೋಡಿ, ಸಹಾಯ ಇಲ್ದೆ ಎಷ್ಟು ದೂರ ನಡೀತಾರೆ ಅಂತ ಕೇಳಿದಾರೆ. ಮನೆಯವರೊಬ್ರು ಪಕ್ಕದಲ್ಲಿ ನಿಂತು ನಡೆಸಿ ನೋಡಿ, ಬರೆದು ಸಹಿ ಹಾಕ್ಬೇಕು. ಈ ಬಾಗಿಲಿಂದ ಆ ಬಾಗಿಲಿಗೆ, ಇಪ್ಪತ್ತು ಮೀಟರ್. ನಡೆದ್ರೆ ಅಲ್ಲಿ ತಗೊಳ್ಳಲ್ಲ. ಆಗ ನಿಮ್ಮ ಜೊತೇಲೇ ಇರ್ಬೇಕಾಗುತ್ತೆ. ಕೆಳಗಿನ ಮನೆ, ಮೆಟ್ಟಿಲಿಲ್ಲ. ನಿಮ್ಮ ಕೋಣೆ ಅವರಿಗೆ ಕೊಟ್ಟು ನೀವು ಹಿಂದಿನ ಸಾಮಾನಿನ ಕೋಣೇಲಿ ಹೊಂದಿಕೊಂಡ್ರೆ ಆಯ್ತು."

ಆ ಕೋಣೆಯ ಬಾಗಿಲಲ್ಲಿ ನನ್ನ ಗಾಡಿ ಹೋಗುವುದಿಲ್ಲ. ಅದು ಅವಳಿಗೂ ಗೊತ್ತು.

ಅಣ್ಣನನ್ನು ಎಬ್ಬಿಸಿ ಊರುಗೋಲು ಕೊಟ್ಟರು. ಅವನು ಹೊರಟ. ಹಲ್ಲು ಕಚ್ಚಿ, ಎಡಗಾಲನ್ನು ನೆಲದ ಮೇಲೆ ಎಳೆಯುತ್ತ, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತ ನಡೆದ. ನಾನು ಪಕ್ಕದಲ್ಲಿ ಗಾಡಿ ಬಿಟ್ಟುಕೊಂಡು ಹೋದೆ. ಬಾಗಿಲು ಇನ್ನು ಮೂರು ಹೆಜ್ಜೆ ಇರುವಾಗ ಊರುಗೋಲಿನ ಸಮೇತ ಅವನ ಬಲಗೈ ನನ್ನ ಗಾಡಿಯ ಹ್ಯಾಂಡಲ್ಲಿಗೆ ಬಿತ್ತು. ಒಂದೇ ಗಳಿಗೆ. ಸಾವರಿಸಿಕೊಂಡು ತಾನಾಗಿಯೇ ಬಿಟ್ಟ, ತಾನಾಗಿಯೇ ಬಾಗಿಲು ಮುಟ್ಟಿದ.

"ಅದು ಲೆಕ್ಕಕ್ಕಿಲ್ಲ ಅಲ್ವಾ?" ಎಂದ. ಮಾತು ಹೊರಳುತ್ತಿತ್ತು, ಆದರೆ ಅರ್ಥವಾಯಿತು. "ನಡೆದೆ ಅಂತ ಬರಿ. ನಾನು ನಿನಗೆ ತೊಂದರೆ ಕೊಡಲ್ಲ. ಒಂದು ಮೂಲೇಲಿ ಇರ್ತೀನಿ."

ನನ್ನ ಅಣ್ಣ ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಬರೆಯಬಹುದಿತ್ತು. ಸೊಸೆ ಆ ಕಡೆ ತಿರುಗಿ ನಿಂತಿದ್ದಳು, ಯಾರೂ ನೋಡಿರಲಿಲ್ಲ. ನಾನು ಮಾಡಿದ್ದಕ್ಕೆ ಅದೊಂದೇ ಪರಿಹಾರ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಹದಿನೆಂಟು ಮೀಟರ್. ಆಮೇಲೆ ಆಸರೆ ಬೇಕಾಯಿತು," ಎಂದು ಬರೆದು ಸಹಿ ಹಾಕಿದೆ. ನನ್ನ ಮೇಲೆ ನನಗೆ ಹೇಸಿಗೆಯಾಯಿತು, ಆದರೆ ಬರೆದಾದ ಮೇಲೆ.

ಅಣ್ಣ ಹಾಳೆಯನ್ನು ಓದಿದ. ಎರಡು ಸಲ ಓದಿದ.

"ಪ್ರಥಮ ಚಿಕಿತ್ಸೆ ಕೋಣೆ," ಎಂದ ನನಗೊಬ್ಬಳಿಗೇ ಕೇಳುವಂತೆ. "ಬಾಗಿಲು ಹಾಕಿತ್ತಾ?"

"ತೆಗೆದಿತ್ತು," ಎಂದೆ.

ಅವನು ತಲೆಯಾಡಿಸಿದ. ತಪ್ಪು ಒಪ್ಪಿಕೊಂಡವರಿಗೆ ಮೊದಲೂ ಹಾಗೆಯೇ ತಲೆಯಾಡಿಸುತ್ತಿದ್ದ, ಆಮೇಲೆ ಫೇಲು ಮಾಡುತ್ತಿದ್ದ.

ಸೊಸೆ ಬಂದು ಫಾರಂ ತೆಗೆದುಕೊಂಡು ಮಡಚಿ ಚೀಲಕ್ಕೆ ಹಾಕಿದಳು. ನನ್ನ ಭುಜದ ಮೇಲೆ ಕೈಯಿಟ್ಟಳು, ಬಹಳ ಮೃದುವಾಗಿ.

"ಥ್ಯಾಂಕ್ಸ್ ಅತ್ತೆ. ಅಪ್ಪ ಆಶ್ರಮ ಸೇರಿದ್ಮೇಲೆ ಮನೆ ಕಾಗದ ನನ್ನ ಹೆಸರಿಗೆ ಬರುತ್ತೆ. ನೀವೇನೂ ಯೋಚನೆ ಮಾಡ್ಬೇಡಿ, ಅಪ್ಪ ಕೊಟ್ಟ ಮಾತಿಗೆ ನಾನು ಅಡ್ಡ ಬರಲ್ಲ. ವರ್ಷಕ್ಕೊಂದ್ಸಲ ಒಂದೇ ಚಾರ್ಜಲ್ಲಿ ಪಾರ್ಕಿಗೆ ಹೋಗಿಬರೋಣ, ಅಷ್ಟೇ. ಲೈಸೆನ್ಸ್ ಆದ್ರೂ ನವೀಕರಣ ಆಗ್ತಿರ್ಬೇಕಲ್ವಾ."

ನಾನು ಅಣ್ಣನ ಕಡೆ ನೋಡಿದೆ. ಅವನು ನಗುತ್ತಿದ್ದ. ಬಾಯಿ ಒಂದು ಕಡೆಗೆ ಮಾತ್ರ ಹೋಗುತ್ತಿತ್ತು, ಆದರೂ ಅದು ನಗುವೇ.