ಅಮಾವಾಸ್ಯೆ ಕಳೆದ ಮೇಲೆ

ವೈಪರಿನ ಕೆಳಗೆ ಸಿಕ್ಕಿಕೊಂಡ ಒಣ ಎಲೆ ಪಟಪಟ ಬಡಿದುಕೊಳ್ಳುತ್ತಿದೆ, ಹಾರಿಹೋಗಬಾರದೇ, ಇಷ್ಟು ಗಾಳಿಯಿದೆ, ಹಿಡಿದಿರುವವರಾದರೂ ಯಾರು ಅದನ್ನು — ಬೆರ್ರಿಯೆಸಾ ರೈಲು ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿಕೊಂಡು ನಿಸರ್ಗಾ ಫೋನನ್ನು ತೊಡೆಯ ಮೇಲೆ ಬೋರಲು ಹಾಕುತ್ತಾಳೆ, ಮತ್ತೆ ತಿರುಗಿಸುತ್ತಾಳೆ, ತಿರುಗಿಸಿದರೆ ತೀರ್ಪು ಬದಲಾಗುತ್ತದೆಯೇ, ಅರ್ಜಿ ಸಲ್ಲಿಕೆಯಾದ ಹೊತ್ತಿಗೆ ಪ್ರದ್ಯುಮ್ನ ಎಂಬುವರು ಈ ನ್ಯಾಯಾಲಯದ ವ್ಯಾಪ್ತಿಯಲ್ಲಿ ಇರಲಿಲ್ಲವಾದ್ದರಿಂದ, ಎಂದು ಇಂಗ್ಲಿಷು ತಾನಾಗಿ ಕನ್ನಡವಾಗುತ್ತಿದೆ ಬಾಯಲ್ಲಿ, ಅಭ್ಯಾಸ, ಹಾಳು ಅಭ್ಯಾಸ, ಪ್ರದ್ಯುಮ್ನ ಎಂಬುವರಂತೆ, ಅವಳು ಎತ್ತಿ ಆಡಿಸಿದ ತಮ್ಮ, ಬೆಲ್ಲದ ಚೂರಿಗೆ ಅವಳ ಸೆರಗು ಹಿಡಿದು ಓಡಾಡಿದವನು ಎಂಬುವರಾದ, ಕೆಲಸ ಹೋಗಿ ವೀಸಾ ಮುಗಿದ ಮೇಲೂ ಹೊಸ ಅರ್ಜಿ ಹಾಕಿಕೊಂಡು, ವಲಸೆ ಕಚೇರಿ ಕರೆದಾಗಲೆಲ್ಲ ಇಸ್ತ್ರಿ ಅಂಗಿ ತೊಟ್ಟು ಹಾಜರಿ ಹಾಕಿ ಬರುತ್ತಿದ್ದವನು, ಕಾನೂನಿಗೆ ಹೆದರುವ ಪ್ರಾಣಿ, ಆವತ್ತು ಸ್ಯಾನ್ ಫ್ರಾನ್ಸಿಸ್ಕೋದ ಕಚೇರಿಗೆ ಅವಳೇ ಕಾರಿನಲ್ಲಿ ಬಿಟ್ಟಿದ್ದಳು, ಒಳಗೆ ಹೋದವನನ್ನು ಅಲ್ಲೇ ಹಿಡಿದಿಟ್ಟರು, ಹೋಗುವ ಮುಂಚೆ ಗಾಜಿನ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತಿದ್ದ, ಹಿಂದೆ ವಾಕರು ನೂಕಿಕೊಂಡು ಒಬ್ಬ ಅಜ್ಜಿ ಬರುತ್ತಿದ್ದಳು, ಅಜ್ಜಿಯ ಹಿಂದೆ ಇನ್ಯಾರೋ, ಎಲ್ಲರಿಗೂ ಬಾಗಿಲು ಹಿಡಿದಿದ್ದ.

ಟ್ರೈನು ಬಂತು, ಹೋಯಿತು, ಇವತ್ತು ರೆಕಾರ್ಡಿಂಗಿನ ದಿನ, ಮನೆಯಲ್ಲಿ ಅವ್ವನ ಕಿವಿಗೆ ಬೀಳಬಾರದೆಂದು ಪ್ರತಿ ವಾರ ಇಲ್ಲೇ ಕಾರಿನಲ್ಲಿ ಕೂತು ಮಾತಾಡುವುದು, ನಮಸ್ಕಾರ, ಈ ವಾರದ ತೀರ್ಪುಗಳು ಅಂತ ಶುರುಮಾಡಿದರೆ ಡ್ಯಾನ್‌ವಿಲ್‌ನಿಂದ ಲಾಸ್ ಆಲ್ಟೋಸ್‌ವರೆಗೆ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಹರಿದಾಡುವ ದನಿ, ಮಂಡ್ಯದ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡವಳಿಗೆ ಇಲ್ಲಿ ವಕಾಲತ್ತು ಇಲ್ಲ, ಬಾಯಿ ಇದೆ, ಜನ ಕೇಳುವುದು ಒಂದೇ, ಮೇಡಂ ಈ ಫೆಡರಲ್ ಜಡ್ಜು ಯಾವ ಅಧ್ಯಕ್ಷರು ನೇಮಿಸಿದವರು, ನಮ್ಮ ಕಡೆಗೋ ಅವರ ಕಡೆಗೋ, ಹೆಣ್ಣು ಕೊಡುವವರು ಜಾತಕ ಕೇಳಿದ ಹಾಗೆ ಕೇಳುತ್ತಾರೆ, ಅವಳೂ ನಗುತ್ತಾ ಹೇಳುತ್ತಿದ್ದಳು, ಇಲ್ಲಿಯ ಜಡ್ಜುಗಳಲ್ಲಿ ಹಲವರು ಕೇಳಿಸಿಕೊಳ್ಳುತ್ತಾರೆ, ಆದರೆ ಒಂದು ನೆನಪಿಡಿ, ಹಿಡಿದಿಟ್ಟ ಮನುಷ್ಯ ಯಾವ ಊರಿನಲ್ಲಿದ್ದಾನೋ ಆ ಊರಿನ ಫೆಡರಲ್ ಕೋರ್ಟಿಗೇ ಬಿಡುಗಡೆಯ ಅರ್ಜಿ, ಇಲ್ಲಿರುವಾಗಲೇ ಹಾಕಿಬಿಟ್ಟರೆ ಆಮೇಲೆ ಎಲ್ಲಿಗೆ ಸಾಗಿಸಿದರೂ ಕೇಸು ಇಲ್ಲೇ ಉಳಿಯುತ್ತದೆ, ಸಾಗಿಸಿದ ಮೇಲೆ ಹಾಕಿದರೆ ನಮ್ಮ ಕೈ ತಪ್ಪಿತು, ಅದಕ್ಕೇ ಒಂದು ಗಂಟೆಯೂ ಕಾಯಬೇಡಿ — ಎಷ್ಟು ಚೆನ್ನಾಗಿ ಹೇಳಿದ್ದಳು, ಒಂದು ಗಂಟೆಯೂ ಕಾಯಬೇಡಿ, ಆ ರೆಕಾರ್ಡಿಂಗು ಈಗಲೂ ಯಾರ್ಯಾರದೋ ಫೋನಿನಲ್ಲಿ ಮಾತಾಡುತ್ತಿರಬಹುದು.

ತಮ್ಮನನ್ನು ಹಿಡಿದಿಟ್ಟ ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ಸಿದ್ಧವಾಗಿ ಬಿದ್ದಿತ್ತು, ಲಾಯರು ಸ್ನೇಹಲ್ ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಮಧ್ಯಾಹ್ನ ಊಟವನ್ನೂ ಬಿಟ್ಟು ಬರೆದು ತಂದಿದ್ದಳು, ಒಳಗಿರುವ ಪ್ರದ್ಯುಮ್ನನ ಪರವಾಗಿ ಅಕ್ಕನ ಸಹಿಯೊಂದು ಬೇಕಿತ್ತು, ಅಷ್ಟೇ, ಆಂಟಿ, ಇವತ್ತೇ ಸೈನ್ ಮಾಡ್ಬಿಡಿ, ನೈಟು ಮೂವ್ ಮಾಡಿದ್ರೆ ನನ್ ಕೈಲಿ ಏನೂ ಇರಲ್ಲ, ಪೆನ್ನು ಬೆರಳಲ್ಲೇ ಇತ್ತು, ಅವ್ವ ಒಲೆಯ ಹತ್ತಿರದಿಂದ ತಿರುಗಿ, ಇವತ್ತು ಅಮಾಸೆ ಕಣವ್ವ, ಒಬ್ಬನೇ ಮಗ, ನಾಳೆ ಬೆಳಕರಿದ ಮ್ಯಾಲೆ ಹಾಕ್ಬುಡು, ದನಿ ಎತ್ತಲಿಲ್ಲ ಅವ್ವ, ಬೇಡಿಕೊಳ್ಳಲೂ ಇಲ್ಲ, ಸೆರಗಿನಿಂದ ಕೈ ಒರೆಸಿಕೊಂಡಳು ಅಷ್ಟೇ — ಅಮಾವಾಸ್ಯೆಯ ಅಂಜಿಕೆ ಅವ್ವನದೇ ಏಕೆ, ಮಂಡ್ಯದಲ್ಲಿ ವಕೀಲಿ ಮಾಡುವಾಗ ಅಮಾವಾಸ್ಯೆಯ ದಿನ ಹೊಸ ದಾವೆ ಹಾಕಿದ್ದಳೇ ಅವಳು, ಒಂದನ್ನಾದರೂ, ಅಮಾವಾಸ್ಯೆ ಬಂತೆಂದರೆ ಫೈಲಿಂಗ್ ಕೌಂಟರಿನ ಗುಮಾಸ್ತ ಕಾಲು ಚಾಚಿಕೊಂಡು ಪೇಪರು ಓದುತ್ತಿದ್ದ, ಕಕ್ಷಿದಾರರು ಬರುತ್ತಲೇ ಇರಲಿಲ್ಲ, ಸೀನಿಯರೂ ಹೇಳುತ್ತಿದ್ದರು, ನಾಳೆ ಹಾಕಿದರೆ ಗಂಟೇನು ಹೋಗುತ್ತಮ್ಮ, ನಿಜ, ಅಲ್ಲಿ ಏನೂ ಹೋಗುತ್ತಿರಲಿಲ್ಲ, ನಿವೇಶನದ ಗಡಿ ರಾತ್ರೋರಾತ್ರಿ ವಿಮಾನ ಹತ್ತುತ್ತಿರಲಿಲ್ಲ, ಸ್ನೇಹಲ್ ಕಣ್ಣು ಕಣ್ಣು ಬಿಟ್ಟಳು, ಐ ಡೋಂಟ್ ಅಂಡರ್‌ಸ್ಟಾಂಡ್ ಆಂಟಿ, ನೀವೇ ಅಲ್ವಾ ಎಲ್ಲರಿಗೂ ಹೇಳೋದು, ಆದರೂ ನಿಸರ್ಗಾ ಪೆನ್ನಿನ ಕ್ಯಾಪು ಹಾಕಿದಳು, ನಂಬಿಕೆಯಿಂದಲ್ಲ, ಹಾಕಿದ ಮೇಲೆ ಏನಾದರೂ ಕೆಟ್ಟದ್ದಾದರೆ ಅವ್ವನ ಮುಖ ನೋಡುವುದು ಹೇಗೆ ಅನ್ನುವ ಹೆದರಿಕೆಯಿಂದ, ಬೆಳಗಾಗುತ್ತಲೇ ಮಿಂದು ದೀಪ ಹಚ್ಚಿ ಸಹಿ ಮಾಡಿದಳು, ಚೆಂದದ ಸಹಿ, ಅಷ್ಟರಲ್ಲಿ ಅವನು ಆಕಾಶದಲ್ಲಿದ್ದ, ಅಜ್ಜಿಗೆ ಬಾಗಿಲು ಹಿಡಿದವನ ಕೈಗೆ ಬೇಡಿ ಹಾಕಿ ಎತ್ತ ಒಯ್ಯುತ್ತಿದ್ದರೋ.

ಆಮೇಲೊಮ್ಮೆ ಫೋನು ಬಂತು, ಅಕ್ಕ, ಇದು ಯಾವ ಊರು ಅಂತ ಯಾರೂ ಹೇಳ್ತಿಲ್ಲ, ತುಂಬಾ ಸೆಕೆ, ನೀನು ಅರ್ಜಿ ಹಾಕಿದ್ಯಲ್ಲ, ನಂಗೇನೂ ಯೋಚ್ನೆ ಇಲ್ಲ, ಯೋಚನೆ ಇಲ್ಲವಂತೆ, ಹುಚ್ಚುಮುಂಡೇದು, ಅವನನ್ನು ಒಯ್ದಿಟ್ಟ ಕಡೆಯ ಕೋರ್ಟುಗಳಲ್ಲಿ ಇಂಥ ಅರ್ಜಿ ನಿಲ್ಲುವುದೇ ಅಪರೂಪ ಎಂದು ಸ್ನೇಹಲ್ ನಿನ್ನೆಯೇ ಹೇಳಿದ್ದಳು, ಸಿಟ್ಟಿಲ್ಲದೆ ಹೇಳಿದ್ದಳು, ಸಿಟ್ಟಾದರೂ ಮಾಡಿದ್ದರೆ, ಇಲ್ಲಿಯ ಜಡ್ಜು ಕೂಡ ಒಳ್ಳೆಯವರೇ, ಕೊನೆಯ ಪ್ಯಾರಾದಲ್ಲಿ ಬರೆದಿದ್ದಾರೆ, ಅರ್ಜಿಯಲ್ಲಿ ಹುರುಳಿದೆ, ಹಿಂದಿನ ಸಂಜೆಯೇ ಸಲ್ಲಿಕೆಯಾಗಿದ್ದರೆ ಈ ನ್ಯಾಯಾಲಯ ಕೇಳಬಹುದಿತ್ತು, ವಿಷಾದವಿದೆ — ವಿಷಾದ, ಯಾವ ಅಧ್ಯಕ್ಷರು ನೇಮಿಸಿದವರಾದರೇನು, ಜಾತಕ ಕೂಡಿತ್ತು, ಅವಳು ತಡಮಾಡಿದಳು, ಇದನ್ನು ಹೇಗೆ ಹೇಳುವುದು, ಮೈಕಿಗೆ ಹೇಳಿಬಿಡಬಹುದು, ನಮಸ್ಕಾರ, ಈ ವಾರದ ತೀರ್ಪು, ಆದರೆ ಅವ್ವನಿಗೆ, ಒಳ್ಳೆ ದಿನ ನೋಡಿ ಹಾಕಿದ್ದಕ್ಕೆ ಗೆದ್ದೇ ಗೆಲ್ಲುತ್ತದೆ ಎಂದು ಬೆಳಿಗ್ಗೆಯಿಂದ ಮೆತ್ತಗೆ ಹಾಡಿಕೊಳ್ಳುತ್ತಾ ಮಗನಿಗೆಂದು ಅವರೆಕಾಳು ಹಿಸುಕುತ್ತಿದ್ದಾಳೆ, ಹೇಳಿದರೆ ಆ ಮಾತಿನ ಕೆಳಗೆ ಮುದುಕಿ ಉಳಿಯುವುದಿಲ್ಲ, ಹೇಳದಿದ್ದರೆ ತಾನು ಉಳಿಯುವುದಿಲ್ಲ, ಫೋನು ನಡುಗುತ್ತಿದೆ, ಅವ್ವ, ಎತ್ತಿದಳು, ಜಡ್ಜು ಏನಂದ್ರವ್ವ, ಬುಟ್ಟು ಕಳ್ಸ್ತಾರಂತಾ, ಎಲೆ ಪಟಪಟ ಬಡಿದುಕೊಳ್ಳುತ್ತಿದೆ, ಹಲೋ, ನಿಸರ್ಗಾ, ಇದ್ದೀಯವ್ವ, ಇದ್ದೇನೆ, ಆವತ್ತಿನ ಆ ಕಚೇರಿಯ ಮುಂದೆಯೇ ಇದ್ದೇನೆ, ಹಿಂದಿನ ಕಾರಿನವನು ಹಾರನ್ನು ಹೊಡೆಯುತ್ತಿದ್ದಾನೆ, ಅಜ್ಜಿ ಒಳಗೆ ಹೋದಳು, ಇನ್ಯಾರೋ ಒಳಗೆ ಹೋದರು, ಬಾಗಿಲು ಹಿಡಿದೇ ನಿಂತಿದ್ದಾನೆ ತಮ್ಮ, ಇತ್ತ ನೋಡುತ್ತಿದ್ದಾನೆ, ಹೋಗಲೋ ಬೇಡವೋ ಎಂದು ಕೇಳಿದ ಹಾಗೆ ನೋಡುತ್ತಿದ್ದಾನೆ, ಅವಳು ಗಾಜು ಇಳಿಸಿ ಕೈ ಬೀಸುತ್ತಿದ್ದಾಳೆ, ಹೋಗು, ತಡವಾಯ್ತು, ಒಳಗೆ ಹೋಗು, ಬಾಗಿಲು ಹಿಡಿದೇ ನಿಂತಿದ್ದಾನೆ, ಹೋಗು ಹೋಗು ಎಂದು ಅವಳ ಕೈ —