ಬಿಸ್ಕೀಟಿನ ಡಬ್ಬಿಗೆ ಬಿದ್ದ ಚೀಟಿ

ವಡಾಲದ ಕನ್ನಡ ಕ್ರೈಸ್ತ ಸಭೆಯ ಹೆಂಗಸರು ಪ್ರತಿ ಗುರುವಾರ ಮಧ್ಯಾಹ್ನ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಾರೆ. ಅಲ್ಲೊಂದು ಪದ್ಧತಿ ಇದೆ. ಪ್ರತಿಯೊಬ್ಬಳೂ ತನ್ನ ಬೇಡಿಕೆಯನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಬಿಸ್ಕೀಟಿನ ಡಬ್ಬಿಗೆ ಹಾಕಬೇಕು. ಆ ಚೀಟಿ ಯಾರ ಕೈಗೆ ಬರುತ್ತದೋ ಅವಳು ಅದಕ್ಕಾಗಿ ಗಟ್ಟಿಯಾಗಿ ಪ್ರಾರ್ಥಿಸಬೇಕು. ಯಾರದೆಂದು ಕೇಳಬಾರದು. ಊಹಿಸುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ.

ಎಸ್ತೇರವ್ವ ಎಂಟು ತಿಂಗಳಿನಿಂದ ಒಂದೇ ಮಾತು ಬರೆಯುತ್ತಿದ್ದಳು: ‘ದೇವರಿಗೆ ಸ್ತೋತ್ರ, ಎಲ್ಲ ಕ್ಷೇಮ.’ ಎಲ್ಲಿಯ ಕ್ಷೇಮ, ಮಣ್ಣು! ಗಂಡ ದೇವಪುತ್ರನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ. ನಸುಕಿಗೆ ಎದ್ದು, ಆಫೀಸುಗಳಿಗೆ ಊಟದ ಡಬ್ಬಾ ಕಳಿಸುವವರಿಗೆ ನೂರೈವತ್ತು ಚಪಾತಿ ಲಟ್ಟಿಸಬೇಕು, ನಡುನಡುವೆ ಅವನನ್ನು ಹೊರಳಿಸಬೇಕು, ತೊಳೆಯಬೇಕು, ಉಣಿಸಬೇಕು. ಒಂದು ಸಲಕ್ಕೆ ಎರಡು ತಾಸು ನಿದ್ದೆ ಮಾಡಿ ಅವಳಿಗೆ ಎಷ್ಟು ದಿನವಾಗಿತ್ತೋ. ಸಭೆಯವರಿಗೆ ಮಾತ್ರ, ಕೋಲು ಹಿಡಿದು ಓಡಾಡುತ್ತಾರೆ ಎಂದು ಹೇಳಿದ್ದಳು. ಬೆಟಗೇರಿಯ ಉಪದೇಶಿಯ ಮಗಳು ಅವಳು. ಆತ್ಮಗಳ ರಕ್ಷಣೆ ಕೇಳಬೇಕಾದ ದೇವರ ಹತ್ತಿರ ಮಲಮೂತ್ರದ ಮಾತು ಎತ್ತುವುದೇ? ಅದು ಅವಳ ಬಿಂಕವೂ ಹೌದು, ಭಕ್ತಿಯೂ ಹೌದು.

ಆ ಗುರುವಾರ ಬಾಗಿಲಿಗೆ ಬೀಗ ಹಾಕಿ, ಎದುರಿನ ಬಿಲ್ಡಿಂಗಿನ ವಾರಿಜಾಳ ಮನೆಗೆ ಬಂದಾಗ ಅವಳ ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಪರ್ಸಿನಲ್ಲಿ ಎರಡು ಚೀಟಿಗಳಿದ್ದವು, ಸ್ತೋತ್ರದ್ದೊಂದು, ಅಂಗಡಿಯಿಂದ ತರಬೇಕಾದ ಸಾಮಾನಿನದೊಂದು. ಕೈಗೆ ಸಿಕ್ಕಿದ್ದನ್ನು ಡಬ್ಬಿಗೆ ಹಾಕಿ ಗೋಡೆಗೆ ಒರಗಿದಳು.

ಅದು ವಾರಿಜಾಳ ಕೈಗೇ ಬಂತು. ಮಂಗಳೂರಿನ ಕಡೆಯ ಹುಡುಗಿ, ಸಭೆಯಲ್ಲಿ ಎಲ್ಲರಿಗಿಂತ ಚಿಕ್ಕವಳು. ಚೀಟಿ ನೋಡಿ ಹುಬ್ಬೇರಿಸಿದಳು, ಆದರೆ ಪದ್ಧತಿ ಮೀರಲಿಲ್ಲ.

“ಕರ್ತನೇ, ದೊಡ್ಡವರ ಡಯಾಪರ್, ಎರಡು ಪಾಕೀಟು. ಇದನ್ನು ಒದಗಿಸು.”

ಯಾರೋ ಕಿಸಕ್ಕನೆ ನಕ್ಕರು. ಎಸ್ತೇರವ್ವನ ನಿದ್ದೆ ಹಾರಿಹೋಯಿತು.

“ಫಿನಾಯಿಲ್ ಒಂದು ಬಾಟ್ಲಿ, ಒದಗಿಸು ತಂದೆಯೇ. ರಬ್ಬರ್ ಶೀಟು. ಬೆನ್ನಿನ ಹುಣ್ಣಿಗೆ ಮುಲಾಮು...” ವಾರಿಜಾಳ ದನಿ ಇಳಿಯಿತು. “ಆ ಬೆನ್ನನ್ನು ನೀನೇ ಮುಟ್ಟು ಸ್ವಾಮಿ. ಅದನ್ನು ತೊಳೆಯುವ ಕೈಗಳನ್ನೂ ಮುಟ್ಟು.”

ನಕ್ಕವರು ತಲೆ ತಗ್ಗಿಸಿದರು. ಎಸ್ತೇರವ್ವ ಸುಮ್ಮನಿದ್ದುಬಿಟ್ಟಿದ್ದರೆ ಅವಳ ಮಾನ ಉಳಿಯುತ್ತಿತ್ತು, ಯಾರೂ ಕೇಳುವಂತಿರಲಿಲ್ಲ. ಆದರೆ ಕೈಗಳ ಮಾತು ಕೇಳಿ ಅವಳಿಗೆ ದುಃಖ ಉಮ್ಮಳಿಸಿ ಬಂತು. ಇಷ್ಟು ದಿನದಲ್ಲಿ ಆ ಕೈಗಳನ್ನು ಯಾರೂ ನೆನೆದಿರಲಿಲ್ಲ, ಅವಳೂ ಕೂಡ.

“ಅದು ನಂದೈತ್ರೀ,” ಅಂದಳು. “ಕೋಲ ಹಿಡದ ಅಡ್ಡಾಡ್ತಾರ ಅಂತ ಸುಳ್ಳ ಹೇಳಿದ್ದೆ. ಅವರು ಎದ್ದು ಕುಂಡ್ರೂದೂ ಇಲ್ಲ.” ಆಮೇಲೆ ಕಣ್ಣು ಮುಚ್ಚಿದಳು. ಪ್ರಾರ್ಥನೆಯ ಗ್ರಾಂಥಿಕ ಮಾತುಗಳು ಒಂದೂ ನೆನಪಾಗಲಿಲ್ಲ. “ಯಪ್ಪಾ ದೇವರೇ, ನನಗ ಭಾಳ ಸಾಕಾಗೇತಿ. ಎರಡ ತಾಸು ನಿದ್ದಿ ಕೊಡೋ. ಬ್ಯಾರೇ ಏನೂ ಬ್ಯಾಡ.”

ಯಾರೂ ಆಮೆನ್ ಅನ್ನಲಿಲ್ಲ. ವಾರಿಜಾ ಎದ್ದು ಒಳಗಿನಿಂದ ದಿಂಬು ತಂದು ಚಾಪೆಯ ಮೇಲಿಟ್ಟಳು.

“ಆಂಟಿ, ನಿಮ್ಮ ಮನೆ ಕೀ ಕೊಡಿ. ಅಂಕಲ್ ಹತ್ರ ನಾನು ಕೂತ್ಕೊಳ್ತೇನೆ. ನೀವಿಲ್ಲೇ ಮಲಗಿ.”

“ಪ್ರಾರ್ಥನಿ ಇನ್ನೂ ಮುಗದಿಲ್ಲಲ್ಲವಾ?”

“ಅದನ್ನು ಇವರೆಲ್ಲ ಮುಗಿಸ್ತಾರೆ.”

ಅವರು ಮುಗಿಸಿದರು. ಕೊನೆಗೆ ಎಲ್ಲರೂ ಆಮೆನ್ ಅಂದದ್ದು ಎಸ್ತೇರವ್ವನಿಗೆ ಕೇಳಿಸಲಿಲ್ಲ.