ಕೊಯ್ದ ಬಲೆ

ನಮ್ಮ ಮನೆಯ ಬೇಟೆಬಲೆಯನ್ನು ಕುಡುಗೋಲಿನಿಂದ ತುಂಡು ತುಂಡು ಮಾಡಿದವಳು ನಾನೇ. ಯುಗಾದಿಯ ಮಧ್ಯಾಹ್ನ ಎಲ್ಲರೂ ಹೋಳಿಗೆ ತಿಂದು ಒರಗಿದ್ದಾಗ ಅಟ್ಟದಿಂದ ಇಳಿಸಿ, ಹಿತ್ತಿಲಲ್ಲಿ ಕೂತು ಕೊಯ್ದೆ. ಸಂತೋಷವೇ ಆಯಿತು, ಅದನ್ನೇಕೆ ಮುಚ್ಚಿಡಲಿ.

ಕಟ್ಟಾಯ ಹೋಬಳಿಯ ನಮ್ಮೂರಲ್ಲಿ ಹೊಸತೊಡಕಿನ ದಿನ, ಅಂದರೆ ಯುಗಾದಿಯ ಮಾರನೆಯ ದಿನ, ಗಂಡಸರೆಲ್ಲ ಕೋಡುಗಲ್ಲು ಗುಡ್ಡಕ್ಕೆ ಮೊಲದ ಬೇಟೆಗೆ ಹೋಗುತ್ತಾರೆ. ಕಾನೂನಿಗೆ ವಿರುದ್ಧವೆಂದು ಎಲ್ಲರಿಗೂ ಗೊತ್ತು, ಆದರೂ ಹೋಗುತ್ತಾರೆ. ಮೊದಲ ಬಲೆ ನಮ್ಮ ಮನೆಯದು. ಹಿರಿಸೊಸೆ ಅದಕ್ಕೆ ಅರಿಶಿನ ಕುಂಕುಮವಿಟ್ಟು ಹೊಸಿಲು ದಾಟಿಸಿ ಕೊಟ್ಟ ಮೇಲೆಯೇ ಮಿಕ್ಕವರು ತಮ್ಮ ಬಲೆ ಹಾಸಬೇಕು. ಇಪ್ಪತ್ತಾರು ವರ್ಷ ನಾನು ದಾಟಿಸಿದ್ದೇನೆ. ಮೊಲದ ಸಾರನ್ನೂ ಉಂಡಿದ್ದೇನೆ.

ನನ್ನ ಮನಸ್ಸು ತಿರುಗಿಸಿದವಳು ಮಾನಸಾ. ಹಾಸನದ ಕಾಲೇಜಿನಲ್ಲಿ ಹಕ್ಕಿಗಳ ಬಗ್ಗೆ ಓದುತ್ತಿದ್ದ ಹುಡುಗಿ, ಎರಡು ಬೇಸಿಗೆ ನಮ್ಮ ಮನೆಯಲ್ಲೇ ಉಳಿದು ಗುಡ್ಡ ಹತ್ತಿದಳು. ಬುತ್ತಿ ಹೊತ್ತು ಹಿಂದೆ ಹೋದ ನನಗೆ ಹಳದಿ ಕೊರಳಿನ ಪಿಕಳಾರ ತೋರಿಸಿದಳು. ಬಂಡೆ ಸೀಳಿನ ಪೊದೆ ಬಿಟ್ಟು ಬೇರೆಲ್ಲೂ ಬದುಕದ ಹಕ್ಕಿ. ಸುತ್ತಲಿನ ನಾಲ್ಕು ಗುಡ್ಡಗಳನ್ನು ಒಡೆದು ಜಲ್ಲಿ ಮಾಡಿಯಾಗಿತ್ತು. ಉಳಿದದ್ದು ನಮ್ಮದೊಂದೇ, ಅದರಲ್ಲಿ ಹನ್ನೆರಡು ಹಕ್ಕಿ. ಅವಳು ಹೋದ ಮೇಲೂ ನಾನು ವಾರಕ್ಕೊಮ್ಮೆ ಹತ್ತಿ ಎಣಿಸುತ್ತಿದ್ದೆ. ಗಂಡ ಸತ್ತ ಮೇಲೆ ನನ್ನದು ಅಂತ ಇದ್ದ ಕೆಲಸ ಅದು. ಬೇಟೆಯವರು ಮೊಲ ಎಬ್ಬಿಸಲು ಅವೇ ಪೊದೆಗಳನ್ನು ಬಡಿಗೆಯಿಂದ ಬಡಿಯುತ್ತಿದ್ದರು, ಗೂಡು ಕಟ್ಟುವ ಕಾಲದಲ್ಲೇ. ನಮ್ಮ ಬಲೆ ಇಲ್ಲದಿದ್ದರೆ ಬೇಟೆಯೇ ಇಲ್ಲ ಎಂದುಕೊಂಡೆ. ನನ್ನಂಥ ದಡ್ಡಿ ಹೋಬಳಿಯಲ್ಲೇ ಇರಲಾರಳು.

ಮರುದಿನ ಬೆಳಿಗ್ಗೆ ಮೈದುನ ರವೀಂದ್ರ ಬಾಗಿಲಿಗೆ ಬಂದ. ಹಿಂದೆ ಮೂವತ್ತು ಜನ. ಬಲೆಯ ಚೂರುಗಳನ್ನು ಅವನ ಕಾಲ ಬಳಿ ಸುರಿದೆ.

"ಏನತ್ಗೆ ಇದು?"

"ಕುಯ್ದಾಕಿವ್ನಿ. ಗುಡ್ಡುಕ್ಕೆ ಓಗ್ಬ್ಯಾಡಿ."

ಕೆನ್ನೆಗೆ ಬಾರಿಸಿದ. ಬಾಯಲ್ಲಿ ರಕ್ತ ಬಂತು. ನಾನು ಕೈತುತ್ತು ಕೊಟ್ಟು ಬೆಳೆಸಿದವನು; ಒಂದು ಗಳಿಗೆ ಅವನೇ ಬೆಪ್ಪಾದ. ಆದರೆ ಮೂವತ್ತು ಜನ ನೋಡುತ್ತಿದ್ದರಲ್ಲ.

"ಬಲೆ ಇಲ್ದಿದ್ರೆ ಬೆಂಕಿ ಐತೆ ಕಣ್ಲಾ," ಎಂದು ಅವರ ಕಡೆ ತಿರುಗಿದ. "ಮೂರು ಮಗ್ಗುಲಿಂದ ಅಚ್ಚುದ್ರೆ ಮೊಲ ತಾವೇ ಕೆಳಕ್ಕೆ ಬತ್ತವೆ."

"ಪಿಕಳಾರ ಸಾಯ್ತವೆ ಕಣೋ ರವಿ."

"ರೆಕ್ಕೆ ಅವೆ, ಆರೋಯ್ತವೆ ಬುಡು."

"ಎಲ್ಲಿಗೋ?" ಎಂದೆ. ಅವನು ಗುಡ್ಡದ ಕಡೆ ನಡೆದ.

ಅರಣ್ಯ ಇಲಾಖೆಯ ಗಾರ್ಡಿಗೆ ಫೋನ್ ಮಾಡಿದೆ. ಹಬ್ಬಕ್ಕೆ ಊರಿಗೆ ಬಂದಿದ್ದೇನೆ, ಸಂಜೆಯೊಳಗೆ ತಲುಪುತ್ತೇನೆ ಎಂದರು. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ.

ಗುಡ್ಡದ ಬುಡ ತಲುಪುವಷ್ಟರಲ್ಲಿ ಎರಡು ಮಗ್ಗುಲು ಹೊತ್ತಿತ್ತು. ಮೈಗೆ ಬೆಂಕಿ ಹತ್ತಿದ ಮೊಲವೊಂದು ನನ್ನ ಕಾಲ ಪಕ್ಕದಲ್ಲೇ ಹಾದುಹೋಯಿತು. ಯಾರೋ ಅದರ ತಲೆ ಚಚ್ಚಿದರು. ಮೇಲೆ ಬಂಡೆಯ ಸೀಳಿನ ಪೊದೆಯಲ್ಲಿ ಒಂದು ಗೂಡಿತ್ತು, ಅದರಲ್ಲಿ ಎರಡು ಮೊಟ್ಟೆ. ವಾರದ ಹಿಂದೆ ನೋಡಿದ್ದೆ. ತಾಯಿಹಕ್ಕಿ ಪೊದೆಯಿಂದ ಏಳುತ್ತಿತ್ತು, ಮತ್ತೆ ಬಂದು ಕೂರುತ್ತಿತ್ತು, ಮತ್ತೆ ಏಳುತ್ತಿತ್ತು. ಮೂರನೆಯ ಸಲ ಕೂತದ್ದು ಏಳಲಿಲ್ಲ. ಪೊದೆ ಚಟಪಟ ಎಂದು ಉರಿದುಹೋಯಿತು.

ಮೂರನೆಯ ಮಗ್ಗುಲಲ್ಲಿ ರವೀಂದ್ರ ಬಗ್ಗಿ ಕಡ್ಡಿ ಗೀರುತ್ತಿದ್ದ. ಆ ಕೈಗೆ ಕುಡುಗೋಲು ಬೀಸಿದೆ. ಹೆದರಿಸಲು ಬೀಸಿದೆ ಎಂದು ಆಮೇಲೆ ಪೊಲೀಸ್ ಸ್ಟೇಷನ್ನಿನಲ್ಲಿ ಹೇಳಿದೆ, ಅದು ಸುಳ್ಳು. ಎರಡು ಬೆರಳು ಹುಲ್ಲಿನ ಮೇಲೆ ಬಿದ್ದವು. ಅವನು ಕೈಯನ್ನೇ ನೋಡುತ್ತ ಕುಸಿದ. ಮಿಕ್ಕವರು ನನ್ನನ್ನು ಕೆಡವಿ ಬಡಿಗೆಯಿಂದ ಹೊಡೆದರು. ನನ್ನ ಎಡಗೈ ಮುರಿಯಿತು. ಆ ಒಂದು ಮಗ್ಗುಲು ಬಿಟ್ಟು ಗುಡ್ಡವೆಲ್ಲ ಎರಡು ದಿನ ಉರಿಯಿತು.

ಅವರ ಮೇಲೆ ಕೇಸು, ನನ್ನ ಮೇಲೂ ಕೇಸು. ಮಳೆ ಬಂತು, ಹುಲ್ಲು ಬಂತು, ಮೊಲಗಳೂ ಬಂದವು. ಪಿಕಳಾರ ಮಾತ್ರ ಎರಡೇ ಉಳಿದಿದ್ದವು, ಬೆಂಕಿ ತಾಗದ ಆ ಮಗ್ಗುಲಿನ ಪೊದೆಯಲ್ಲಿ. ಈ ವರ್ಷ ಯುಗಾದಿ ಹತ್ತಿರ ಬಂದಾಗ ಊರವರು, ಬೆಂಕಿಯೇ ಸಲೀಸು, ಬಲೆಯ ರಗಳೆ ಬೇಡ ಎಂದು ಮಾತಾಡಿಕೊಂಡರು. ಬಲೆ ಕೊಯ್ದು ಬೆಂಕಿಯನ್ನು ಕಲಿಸಿದವಳು ನಾನೇ ತಾನೆ.

ಚೂರುಗಳನ್ನೂ ಹೊಸ ದಾರವನ್ನೂ ಕುಕ್ಕೆಯಲ್ಲಿ ಹೊತ್ತು ರವೀಂದ್ರನ ಮನೆಗೆ ಹೋದೆ. ಊರು ಇಂದಿಗೂ ಅವನ ಮಾತು ಕೇಳುತ್ತದೆ. ವರ್ಷದಿಂದ ನಮ್ಮಿಬ್ಬರಲ್ಲಿ ಮಾತಿರಲಿಲ್ಲ.

"ಬಲೆ ಎಣುದ್ಕೊಡ್ತೀನಿ ರವಿ. ಅರಿಶಿನ ಇಕ್ಕಿ ನಾನೇ ದಾಟುಸ್ತೀನಿ. ಬೆಂಕಿಪಟ್ನ ಯಾರೂ ತರಕೂಡ್ದು. ಆ ಮಗ್ಗುಲ್ಗೆ ಯಾರೂ ಓಗ್ಕೂಡ್ದು."

ಅವನು ಕುಕ್ಕೆಯಿಂದ ಚೂರೊಂದನ್ನು ಎತ್ತಿ ನೋಡಿದ. "ಮೊಲ ಸತ್ರೆ ಪರ್ವಾಗಿಲ್ವಾ ಅತ್ಗೆ?"

"ಪರ್ವಾಗಿಲ್ಲ ಅಂತ ನಾನೆಲ್ಲಂದೆ."

ಅಲ್ಲೇ ಕೂತು ಹೆಣೆಯತೊಡಗಿದೆ. ನನ್ನ ಎಡಗೈ ಇನ್ನೂ ಸರಿಯಾಗಿ ಮಡಚಲು ಬರುವುದಿಲ್ಲ; ಒಬ್ಬಳಿಂದ ಗಂಟು ಬಿಗಿಯಲು ಆಗಲಿಲ್ಲ. ಅದನ್ನು ನೋಡುತ್ತ ನಿಂತಿದ್ದವನು ಎದುರು ಬಂದು ಕೂತ. ಉಳಿದ ಮೂರು ಬೆರಳಲ್ಲಿ ದಾರವನ್ನು ಎಳೆದು ಹಿಡಿದ. ನಾನು ಗಂಟು ಹಾಕುತ್ತ ಹೋದೆ.